ಹಿತ್ತಿಲವರೆಗೆ ಕೇಳುವ ಸ್ಪೀಕರು

ಯಾವ ಹೊಸ ಸ್ಪೀಕರು ಮನೆಗೆ ಬಂದರೂ ವಾಮನಮೂರ್ತಿ ಹಾಕಿ ಕೇಳುವುದು ಒಂದೇ ಕ್ಯಾಸೆಟ್ಟು. ನಲವತ್ತು ವರ್ಷದ ಹಿಂದೆ ನಡುಮನೆಯಲ್ಲಿ ಅಕ್ಕ ವಿಶಾಲು ಹಾಡಿದ್ದ ಮೋಹನ ರಾಗದ ಕೀರ್ತನೆ ಅದು. ಪತ್ರಿಕೆಗೆ ಸ್ಪೀಕರುಗಳ ವಿಮರ್ಶೆ ಬರೆಯುವವನಿಗೆ ಅಳತೆಗೋಲು ಬದಲಾಗಬಾರದಲ್ಲ! ಸ್ಪೀಕರುಗಳು ಮಾತ್ರ ವರ್ಷವರ್ಷಕ್ಕೂ ಹಳೆಯ ಧ್ವನಿಯೊಳಗೆ ಇನ್ನಷ್ಟು ದೂರ ಹೋಗುತ್ತಿದ್ದವು. ಹೋದ ವರ್ಷದ ಜೋಡಿ, ಅವತ್ತು ಅಡುಗೆಮನೆಯಲ್ಲಿ ಹಾಲು ಉಕ್ಕಿದ್ದನ್ನೂ ಕೇಳಿಸಿತ್ತು.

ಈ ಸಲದ್ದು ಹಿತ್ತಿಲನ್ನೇ ಮುಟ್ಟಿತು. ಮೊದಲು ಬಾವಿಯ ರಾಟೆ ಕಿರುಗುಟ್ಟಿತು, ಆಮೇಲೆ ಕೊಡ ಉರುಳಿದ ಸದ್ದು. ಬರೆಯುತ್ತಿದ್ದ ವಾಮನಮೂರ್ತಿಯ ಕೈ ನಿಂತುಹೋಯಿತು. ಅವತ್ತು ಹಾಡು ಮುಗಿಸಿ ಹೋಗಿ ನೋಡಿದರೆ ಅಪ್ಪ ಹಿತ್ತಿಲ ಮೆಟ್ಟಿಲ ಮೇಲೆ ಬಿದ್ದಿದ್ದರು. ನಿಂತ ನಿಲುವಿನಲ್ಲೇ ಪ್ರಾಣ ಹೋಗಿದೆ, ನರಳಿಲ್ಲ ಎಂದಿದ್ದರು ಡಾಕ್ಟರು.

"ವಿಶಾಲೂ... ಬಾಗಿಲು ತೆಗಿಯೇ..."

ಅಪ್ಪ ಕರೆಯುತ್ತಿದ್ದರು. ಪಲ್ಲವಿಯಿಂದ ಚರಣದವರೆಗೂ ಕರೆದರು. ಹೊರಗಿನ ಸದ್ದು ರೆಕಾರ್ಡ್ ಆಗಬಾರದೆಂದು ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದ್ದವನು ವಾಮನಮೂರ್ತಿಯೇ.

ಅಷ್ಟರಲ್ಲಿ ಅಕ್ಕನ ಫೋನು ಬಂತು. "ಹೊಸ ಸ್ಪೀಕರು ಬಂದಿದೆಯಂತೆ? ಈ ಸಲವಾದ್ರೂ ಅಪ್ಪನ ದನಿ ಸಿಕ್ತೇನೋ?"

"ಇಲ್ಲ ಕಣಕ್ಕ. ಬರೀ ನಿನ್ನ ಹಾಡು."

"ನಿನ್ನ ಕಿವಿ ಮಂದ ಆಗಿದೆ ಬಿಡೋ," ಎಂದು ಅಕ್ಕ ನಕ್ಕಳು. "ಆಟೋ ನಿಮ್ಮನೆ ಮುಂದೇನೇ ನಿಂತಿದೆ. ನಾನೇ ಕೇಳ್ತೀನಿ, ಬಾಗಿಲು ತೆಗಿ."