ಹಗ್ಗ ಹಿಡಿಯುವವಳು

ವರ್ಷದ ಕೊನೆಯ ಸಂಜೆ ಓದುಗರ ಬಳಗ ನಮ್ಮ ಮನೆಯಲ್ಲಿ ಸೇರುವ ಮೊದಲೇ ನಾನು ಫ್ಯಾನಿನ ಸ್ವಿಚ್ಚಿಗೆ ಟೇಪು ಅಂಟಿಸಿಬಿಟ್ಟೆ. ಆ ವರ್ಷ ಓದಿ ಮೆಚ್ಚಿದ ಪುಸ್ತಕವನ್ನು ನೆನೆದರೆ ಆ ಸಂಜೆ ಯಾರ ಕಾಲೂ ನೆಲದ ಮೇಲೆ ನಿಲ್ಲುವುದಿಲ್ಲ, ಮೈ ಸೂರಿನತ್ತ ತೇಲುತ್ತದೆ. ಸುಳ್ಳು ಮೆಚ್ಚಿಕೆ ಹೇಳಿದವರನ್ನು ಮಾತ್ರ ನೆಲ ಬಿಡುವುದಿಲ್ಲ. ಹಿಂದೊಮ್ಮೆ ಬಳಗದ ಬಸಲಿಂಗಮ್ಮನವರ ಜಡೆ ಫ್ಯಾನಿಗೆ ಸುತ್ತಿಕೊಂಡಿತ್ತು. ಅಂದಿನಿಂದ ಎಲ್ಲರ ಸೊಂಟಕ್ಕೂ ಹಗ್ಗ ಕಟ್ಟುತ್ತೇವೆ; ಅದರ ತುದಿ ಹಿಡಿಯುವುದು ನನ್ನ ಕೆಲಸ.

ಬಸಲಿಂಗಮ್ಮ ಪತ್ತೇದಾರಿ ಕಾದಂಬರಿಯೊಂದನ್ನು ಹೆಸರಿಸಿ ಟ್ಯೂಬ್‌ಲೈಟಿನ ಪಕ್ಕ ತೇಲತೊಡಗಿದರು. ಫಕೀರಪ್ಪನವರು ಉಪ್ಪಿನಕಾಯಿಯ ಪುಸ್ತಕ ನೆನೆದು ಕಪಾಟಿನ ಮೇಲೇರಿದರು.

ಕೊನೆಗೆ ಬಳಗದ ಅಧ್ಯಕ್ಷರಾದ ನಮ್ಮ ಯಜಮಾನರು ಎದ್ದುನಿಂತು ವೇದಾಂತದ ಮೂರು ಸಂಪುಟಗಳನ್ನು ಗಂಭೀರವಾಗಿ ಹೆಸರಿಸಿದರು. ಅವರ ಕಾಲಿನ ಹೆಬ್ಬೆರಳು ಕೂಡ ನೆಲದಿಂದ ಕದಲಲಿಲ್ಲ.

"ಮೊಣಕಾಲು ನೋವೈತಿ, ಅದಕ್ಕ," ಎಂದರು.

"ಖರೇ ಹೇಳ್ರಿ. ದಿನಾ ಮೊಮ್ಮಗಳಿಗೆ ಏನ್ ಓದಿ ಹೇಳ್ತಿದ್ರಿ?" ಎಂದೆ ನಾನು.

ಅವರ ಕಿವಿ ಕೆಂಪಾಯಿತು. "ಅದು... ಒಂಟೆಗೆ ಅಂಗಿ ಹೊಲಿದ ಇಲಿ..."

ಮಾತು ಮುಗಿಯುವಷ್ಟರಲ್ಲಿ ಅಧ್ಯಕ್ಷರ ತಲೆ ಸೂರಿಗೆ ಬಡಿಯಿತು. ಬಸಲಿಂಗಮ್ಮ ನಕ್ಕು ನಕ್ಕು ಗಾಳಿಯಲ್ಲೇ ಲಾಗ ಹೊಡೆದರು.

"ಕೆಳಗ ಇಳಿಸ್ಲೇನ್ರಿ?" ಎಂದು ಕೇಳಿದೆ.

"ತಡಿ, ಗುಂಡಿ ಹಚ್ಚುವಾಗ ಒಂಟೆಗೆ ಕಚಗುಳಿ ಆಗೋ ಪುಟ ಈಗ ಬರ್ತೈತಿ."

ಆ ಪುಟ ನನಗೂ ಬಾಯಿಪಾಠ. ದಿನಾಲೂ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೆ. ಒಂಟೆ ನಕ್ಕು ಹೊಲಿಗೆಯೆಲ್ಲ ಬಿಚ್ಚಿಕೊಂಡದ್ದು ನೆನಪಾಗಿ ನಗು ತಡೆಯಲಾಗಲಿಲ್ಲ. ಪಾದಕ್ಕೆ ಜಮಖಾನೆ ಸಿಗಲಿಲ್ಲ. ಹಗ್ಗಗಳೆಲ್ಲ ನನ್ನ ಕೈಯಲ್ಲೇ ಇದ್ದವು, ಆದರೆ ಕೆಳಗೆ ಯಾರೂ ಉಳಿದಿರಲಿಲ್ಲ.