ಅರ್ಧ ಗಂಟೆಯ ಆಟ

ಗುರುಸ್ವಾಮಿ ದುರ್ಗಿಯ ಕಿವಿಯಿಂದ ಇಯರ್‌ಫೋನ್ ಕಿತ್ತು ತನ್ನ ಕಿವಿಗೆ ಇಟ್ಟುಕೊಂಡ.

"ಬಲಗಡೆ ಮನ್ಯಾಗೆ ಅವ್ನೆ! ಹೊಡಿ, ಹೊಡಿ! ಏ, ನಿದ್ದೆ ಮಾಡ್ತಿದ್ದೀಯೇನೇ?"

ಗಂಡು ದನಿ. ಇನ್ನೂ ಒಡೆಯುತ್ತಿರುವ ದನಿ. ಗುರುಸ್ವಾಮಿ ಪರದೆ ನೋಡಿದ. ಯಾವುದೋ ದ್ವೀಪ, ಬಂದೂಕು ಹಿಡಿದು ಓಡುವ ಗೊಂಬೆಗಳು, ಮೂಲೆಯಲ್ಲಿ ನಾಲ್ಕು ಹೆಸರು. ದುರ್ಗಿಯ ಗೊಂಬೆ ಒಂದು ಬಾಗಿಲ ಹಿಂದೆ ಕೂತಿತ್ತು. ಅಷ್ಟರಲ್ಲಿ ಯಾರೋ ಅದನ್ನು ಹೊಡೆದು ಕೆಡವಿದರು.

"ಯಾರದು?"

"ಸುಹೈಲ್, ಮಾವ. ಜಗಳೂರಲ್ಲಿ ನಮ್ಮ ಕ್ಲಾಸಿನವ್ನು."

"ಅವನೇ ಅಂತ ಹೆಂಗೆ ಗೊತ್ತು?"

"ದನಿ ಗೊತ್ತಾಗಲ್ವಾ?"

"ದನಿ ಬದಲಾಯಿಸೋ ಆ್ಯಪೇ ಐತೆ." ಗುರುಸ್ವಾಮಿ ಫೋನನ್ನು ಜೇಬಿಗೆ ಇಳಿಸಿದ. ಅದು ಅವನ ಅವ್ವ ಕರಿಯಕ್ಕನ ಫೋನು. ಮಧ್ಯಾಹ್ನ ಅವಳು ಅಡ್ಡಾದ ಕೂಡಲೆ ಮೊಮ್ಮಗಳ ಕೈ ಸೇರುತ್ತಿತ್ತು.

ದುರ್ಗಾಂಬಿಕಾ ಗುರುಸ್ವಾಮಿಯ ಅಕ್ಕನ ಮಗಳು. ಹದಿನಾಲ್ಕು ವರ್ಷ. ಬೇಸಿಗೆ ರಜೆಯಲ್ಲಿ ಜಗಳೂರಿನಿಂದ ನ್ಯಾಮತಿಗೆ ಬಂದವಳು ಇಲ್ಲೇ ಉಳಿದಿದ್ದಳು. ಬಂದ ಹೊಸದರಲ್ಲಿ ಅನ್ನದ ತಟ್ಟೆ ಮುಟ್ಟುತ್ತಿರಲಿಲ್ಲ. ಅವ್ವನನ್ನು ಬಿಟ್ಟು ಬಂದ ಮಕ್ಕಳು ಅಳುವುದು ಸಹಜ ಎಂದು ಕರಿಯಕ್ಕ ಸಮಾಧಾನ ಹೇಳಿದ್ದಳು. ಈ ಆಟ ಸಿಕ್ಕ ಮೇಲೆ ಹುಡುಗಿ ಎರಡು ಹೊತ್ತು ಉಣ್ಣತೊಡಗಿದ್ದಳು.

ಆ ಸಂಜೆ ಮನೆಯಲ್ಲಿ ಅದರದೇ ವಿಚಾರಣೆ.

"ಆಡ್ಲಿ ಬಿಡಪ್ಪ," ಎಂದಳು ಕರಿಯಕ್ಕ. "ಹೊರಗೆ ಹೋಗಂಗಿಲ್ಲ, ಪಕ್ಕದ ಮನೇರ ಜತೆ ಮಾತಾಡಂಗಿಲ್ಲ ಅಂತೀಯ. ಇದೂ ಬ್ಯಾಡ ಅಂದ್ರೆ ಗ್ವಾಡೆ ಜತೆ ಮಾತಾಡ್ಬೇಕೇನು ಅದು?"

"ನಿಂಗೆ ತಿಳಿಯಲ್ಲ, ಸುಮ್ನಿರವ್ವ."

ಗುರುಸ್ವಾಮಿ ಹೊನ್ನಾಳಿ ರಸ್ತೆಯ ಶಾಲೆಯೊಂದಕ್ಕೆ ಹನ್ನೊಂದು ವರ್ಷದಿಂದ ವ್ಯಾನ್ ಓಡಿಸುತ್ತಿದ್ದ. ಅವನ ವ್ಯಾನಿನಲ್ಲಿ ಒಂದು ಮಗುವೂ ಕಿಟಕಿಯಾಚೆ ಕೈ ಹಾಕುತ್ತಿರಲಿಲ್ಲ. ಹೋದ ವಾರ ಶಾಲೆಯಲ್ಲಿ ಫೋನ್ ಆಟಗಳ ಬಗ್ಗೆ ಪೋಷಕರ ಸಭೆ ನಡೆದಾಗ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಆ ಕಡೆ ಆಡೋರು ಯಾರು ಅಂತ ಗೊತ್ತೇನು ನಿಂಗೆ? ಮೂವತ್ತು ದಾಟಿದ ಗಂಡಸರು ಇಂಥ ಸಣ್ ಹುಡ್ಗೀರ ಹಿಂದೆ ಬೀಳ್ತಾರಂತೆ. ನಾಚ್ಕೆಗೆಟ್ಟೋರು."

ಎಲೆಗೆ ಸುಣ್ಣ ಸವರುತ್ತಿದ್ದ ಕರಿಯಕ್ಕ ತಲೆಯೆತ್ತಿ ಮಗನ ಮುಖ ನೋಡಿದಳು.

ದುರ್ಗಿ ಬಾಗಿಲಿಗೆ ಒರಗಿ ನಿಂತಿದ್ದಳು. "ಪಾತ್ರೆ ಎಲ್ಲಾ ತೊಳ್ದೀನಿ ಮಾವ. ನಾಳೆಯಿಂದ ರೊಟ್ಟಿನೂ ನಾನೇ ತಟ್ತೀನಿ. ಆಟ ಒಂದು ಬಿಡಿಸ್ಬ್ಯಾಡ್ರಿ."

"ನಿನ್ ರೊಟ್ಟಿ ತಿಂದ್ರೆ ನಂಗಿರೋ ನಾಕು ಹಲ್ಲೂ ಹೋಗ್ತಾವೆ," ಎಂದಳು ಕರಿಯಕ್ಕ. ಹುಡುಗಿ ಕಿಸಕ್ಕೆಂದಳು. ಗುರುಸ್ವಾಮಿಗೂ ನಗು ಬಂತು. ನಗು ಬಂದದ್ದೇ ಅವನ ಬಿಗಿ ಸಡಿಲವಾಯಿತು.

"ಆಡಾಕೆ ಬಿಡ್ತೀನಿ. ದಿನಕ್ಕೆ ಅರ್ಧ ಗಂಟೆ. ನನ್ನ ಎದುರಿಗೆ, ಸ್ಪೀಕರ್ ಹಾಕ್ಕೊಂಡು. ಊರಿನ ಹೆಸ್ರು ಹೇಳಂಗಿಲ್ಲ. ಮನೆ ವಿಷಯ ಎತ್ತಂಗಿಲ್ಲ. ಒಂದು ತಪ್ಪಿದ್ರೂ ಆಟ ಬಂದ್."

ದುರ್ಗಿ ಅಜ್ಜಿಯ ತಲೆ ಮುಟ್ಟಿ ಆಣೆ ಮಾಡಿದಳು.

ಹತ್ತು ದಿನ ಅವಳು ತಪ್ಪಲಿಲ್ಲ. ಸಂಜೆ ವ್ಯಾನ್ ಬಂದು ನಿಂತ ಸದ್ದಿಗೇ ಚಾಪೆ ಹಾಸಿ ಕೂರುತ್ತಿದ್ದಳು. "ಎಲ್ಲಿದ್ದೀಯೇ?" ಎಂದು ಸುಹೈಲ್ ಕೇಳಿದರೆ "ಸೇತುವೆ ಕೆಳಗೆ" ಎಂದು ಆಟದೊಳಗಿನ ಜಾಗ ಹೇಳುತ್ತಿದ್ದಳು. "ಅದಲ್ವೇ, ನಿಜವಾಗ್ಲೂ ಎಲ್ಲಿದ್ದೀಯ?" ಎಂದರೆ ಮಾವನ ಕಡೆ ನೋಡಿ ತುಟಿ ಬಿಗಿದುಕೊಳ್ಳುತ್ತಿದ್ದಳು. ಗುರುಸ್ವಾಮಿ ಮೆಚ್ಚಿ ತಲೆಯಾಡಿಸುತ್ತಿದ್ದ. ಒಂದು ದಿನ ಅವರ ತಂಡ ಗೆದ್ದಾಗ ಚಾಪೆಯ ಮೇಲೇ ಕುಣಿದುಬಿಟ್ಟಳು. ಅಷ್ಟು ಜೋರಾಗಿ ನಕ್ಕದ್ದು ಈ ಮನೆಗೆ ಬಂದ ಮೇಲೆ ಅದೇ ಮೊದಲು.

ಹನ್ನೊಂದನೆಯ ದಿನ ಆಟ ಮುಗಿಸಿ, ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದಳು. ಚಾಪೆಯ ಮೇಲಿದ್ದ ಫೋನು ಮಿಣುಕಿತು. ಆಟದೊಳಗೆ ಬಂದ ಸಂದೇಶ. ಹೆಸರು ಸುಹೈಲನದು. ಬರೆದ ರೀತಿ ಹುಡುಗನದಲ್ಲ.

"ಒಬ್ಬಳೇ ಇದ್ದೀಯಾ? ಊರು ಯಾವುದು ಅಂತ ಹೇಳು, ಸಾಕು. ನಾನೇ ಬಂದು ಕರ್ಕೊಂಡು ಹೋಗ್ತೀನಿ. ಮನೆಯವರಿಗೆ ಗೊತ್ತಾಗಬಾರದು."

ಗುರುಸ್ವಾಮಿ ಫೋನು ಕೈಗೆತ್ತಿಕೊಂಡ. ಅವ್ವನಿಗೆ ಓದಿ ಹೇಳಿದ.

"ಅಯ್ಯೋ ಶಿವನೇ! ತಗ್ದಾಕಪ್ಪ ಅದನ್ನ!"

"ಸುಮ್ನೆ ತಗದ್ರೆ ಹುಡುಕ್ಕೊಂಡು ಬರ್ತಾರೆ. ತಡಿ." ಅವನು ದುರ್ಗಿಯಂತೆಯೇ ಬರೆದ: "ಒಬ್ಬಳೇ ಇದ್ದೀನಿ. ಸಂತೇಬೆನ್ನೂರು. ಸಂತೆ ಮೈದಾನದ ಹಿಂದಿನ ಓಣಿ."

ಸಂತೇಬೆನ್ನೂರು ಇದ್ದದ್ದು ಆಚೆ, ಚನ್ನಗಿರಿ ಕಡೆ. ಅಲ್ಲಿ ಅವರ ಪೈಕಿ ಒಬ್ಬರೂ ಇರಲಿಲ್ಲ.

ಉತ್ತರ ತಕ್ಷಣ ಬಂತು.

"ಹೆದರಬೇಡ ಪುಟ್ಟಿ. ನಾನು ನಿಮ್ಮ ಸಂಧ್ಯಾರಾಣಿ ಮಿಸ್, ಸುಹೈಲ್ ಫೋನಿಂದ ಬರೀತಿದ್ದೀನಿ. ಶಾಲೆ ಶುರುವಾದಾಗಿಂದ ನಿನ್ನ ಹುಡುಕ್ತಿದ್ದೀನಿ, ನಿಮ್ಮ ಅಪ್ಪ ಅಮ್ಮ ಬಾಯಿ ಬಿಡ್ತಿಲ್ಲ. ನಾಳೆ ಬೆಳಿಗ್ಗೆ ಪೊಲೀಸರನ್ನ ಕರ್ಕೊಂಡೇ ಬರ್ತೀನಿ."

ಇದನ್ನು ಗುರುಸ್ವಾಮಿ ಅವ್ವನಿಗೆ ಓದಿ ಹೇಳಲಿಲ್ಲ. ತಾನೇ ಎರಡು ಸಲ ಓದಿಕೊಂಡ. ಆಮೇಲೆ ಆಟವನ್ನು ಫೋನಿನಿಂದ ಅಳಿಸಿದ.

ದುರ್ಗಿ ಬಟ್ಟೆ ಹೊತ್ತುಕೊಂಡು ಇಳಿದು ಬಂದಳು. ಅವನ ಕೈಯಲ್ಲಿದ್ದ ಪರದೆ ಕಂಡಿತು. "ಆಟ ಎಲ್ಲಿ ಮಾವ? ನಾನು ಏನೂ ಹೇಳಿಲ್ಲ. ಆಣೆಗೂ ಹೇಳಿಲ್ಲ. ಅಜ್ಜಿ, ನೀನಾದ್ರೂ ಹೇಳಜ್ಜಿ."

ಕರಿಯಕ್ಕ ಅವಳ ತೋಳಿನಿಂದ ಬಟ್ಟೆ ಇಸಿದುಕೊಂಡಳು. ತಲೆ ನೇವರಿಸಿದಳು.

"ಹಟ ಮಾಡಬಾರ್ದು ನನ್ ಕೂಸೇ. ತಾಳಿ ಕಟ್ಟಿದ ಗಂಡ ಬ್ಯಾಡ ಅಂದ ಮ್ಯಾಲೆ ಮುಗೀತು."