ಹನ್ನೊಂದು ಮೆಟ್ಟಿಲು

"ಒಂದು ಗಂಟೆಗೆ ಊಟಕ್ಕೆ ಬರ್ಬೇಕು. ಒಂದೂವರೆ ಆಯ್ತೋ, ನಾನು ಅಕ್ಕನ ಮನೆಗೆ ಹೊರಟೆ. ಮತ್ತೆ ಕರೆಯೋಕೆ ಬರ್ಬೇಡಿ," ಎಂದು ಹೆಂಡತಿ ಬೆಳಿಗ್ಗೆಯೇ ಟ್ರಂಕನ್ನು ದರದರನೆ ಎಳೆದು ತಂದು ಬಾಗಿಲ ಬಳಿ ಇಟ್ಟಳು.

ಗುಳಿಗೆ ಸಾಹುಕಾರರು ಗಡಿಯಾರ ನೋಡಿಕೊಂಡರು. ನಲವತ್ತು ದಿನಗಳಿಂದ ಅವರು ಮಧ್ಯಾಹ್ನ ಮನೆಯಲ್ಲಿ ಉಂಡಿರಲಿಲ್ಲ ಎಂಬುದು ನಿಜ. ಆದರೆ ನಾಲ್ಕು ಔಷಧಿ ಅಂಗಡಿ ಇಟ್ಟವರಿಗೆ ಹೊಟ್ಟೆಯ ನೆನಪೆಲ್ಲಿ? ಒಂದೇ ಹೆಸರಿನ ಅಂಗಡಿಯನ್ನು ನಾಲ್ಕು ಕಡೆ ಇಡಬಹುದು ಎಂದು ಆ ಊರಿನಲ್ಲಿ ಮೊದಲು ಹೊಳೆದದ್ದೇ ಅವರಿಗೆ. ನಾಲ್ಕಕ್ಕೂ ಹಸಿರು ಬೋರ್ಡು, ಎಡಗಡೆ ಕೆಮ್ಮಿನ ಸಿರಪ್ಪು, ಬಲಗಡೆ ಮುಲಾಮು, ಹಿಂದೆ ಮಹಡಿಗೆ ಹನ್ನೊಂದು ಮೆಟ್ಟಿಲು. ಮೂರನೆಯ ಅಂಗಡಿಯಲ್ಲಿ ಹದಿಮೂರಿದ್ದವು. ಮಹಡಿಯಲ್ಲಿದ್ದ ಮನೆಯೊಡತಿ, ನಿವೃತ್ತ ಟೀಚರಮ್ಮನನ್ನು ಕಾಡಿ ಬೇಡಿ, ಬಡಗಿಯನ್ನು ಕರೆಸಿ, ಹನ್ನೊಂದು ಮಾಡಿಸಿದ್ದರು. "ಕಣ್ಣು ಮುಚ್ಕೊಂಡು ಬಂದ್ರೂ ಗಿರಾಕಿ ತಡವರಿಸಬಾರ್ದು" ಎನ್ನುವುದು ಅವರ ಮಾತು. ಸ್ವಂತ ಮನೆಯಿದ್ದದ್ದು ಒಂದನೆಯ ಅಂಗಡಿಯ ಮಹಡಿಯಲ್ಲಿ.

ಅಂದು ನಾಲ್ಕನೆಯ ಅಂಗಡಿಯ ತಪಾಸಣೆ ಮುಗಿಸಿ ಹನ್ನೆರಡೂ ಮುಕ್ಕಾಲಿಗೇ ಹೊರಟರು. ಕೈಯಲ್ಲಿ ಐದನೆಯ ಅಂಗಡಿಯ ನಕ್ಷೆ, ಕಣ್ಣು ನಕ್ಷೆಯಲ್ಲಿ, ಕಾಲು ಮಾತ್ರ ಬೀದಿಯಲ್ಲಿ. ಹಸಿರು ಬೋರ್ಡು ಕಂಡಿತು, ಒಳಹೊಕ್ಕರು. ಎಡಗಡೆ ಸಿರಪ್ಪು, ಬಲಗಡೆ ಮುಲಾಮು, ಎಲ್ಲ ಸರಿಯಾಗಿತ್ತು. ಮೆಟ್ಟಿಲು ಹತ್ತಿದರು, ಹನ್ನೊಂದೇ ಇದ್ದವು. ಅದು ಮೂರನೆಯ ಅಂಗಡಿ ಎಂದು ಹೇಳಬಹುದಾಗಿದ್ದವನು ಅಲ್ಲಿನ ಕಂಪೌಂಡರ್ ಒಬ್ಬನೇ. ಆದರೆ ತಪಾಸಣೆಗೆ ಬಂದಾಗ ಯಾರೂ ತಮ್ಮನ್ನು ಮಾತಾಡಿಸಬಾರದು ಎಂಬ ನಿಯಮ ಮಾಡಿದ್ದವರು ಸಾಹುಕಾರರೇ. ಅವನು ತೆಪ್ಪಗಿದ್ದ.

ಮೇಲೆ ಟೀಚರಮ್ಮ ಆಗಷ್ಟೇ ಊಟಕ್ಕೆ ಕೂರುತ್ತಿದ್ದರು. ಸಾಹುಕಾರರು ಸೀದಾ ಬಂದು, ಕೈತೊಳೆದು, ಮೇಜಿನ ಮುಂದೆ ಕೂತು ನಕ್ಷೆ ಹರಡಿಕೊಂಡರು.

"ನೋಡಿದ್ಯಾ? ಒಂದಕ್ಕೆ ಇನ್ನೂ ಎರಡು ನಿಮಿಷ ಇದೆ. ನಿನ್ನ ಟ್ರಂಕು ಎಲ್ಲಿ?"

"ಮಂಚದ ಕೆಳಗಿದೆ," ಎಂದರು ಟೀಚರಮ್ಮ.

"ಹಾಗೆ ಬಾ ದಾರಿಗೆ! ಬಡಿಸು, ಬಡಿಸು."

ಮೂವತ್ತೈದು ವರ್ಷ ಮಕ್ಕಳ ನಡುವೆ ಕಳೆದಿದ್ದ ಟೀಚರಮ್ಮನಿಗೆ ಇಂಥ ಮಂಕುತನ ಹೊಸದಲ್ಲ. ಇದು ಎಲ್ಲಿಯವರೆಗೆ ಹೋಗುತ್ತದೋ ನೋಡಿಯೇ ಬಿಡೋಣವೆಂದು ತಮ್ಮ ತಟ್ಟೆಯನ್ನೇ ಅವರ ಮುಂದೆ ಸರಿಸಿದರು. ಸಾಹುಕಾರರು ತುತ್ತಿನ ಮೇಲೆ ತುತ್ತು ಇಳಿಸಿದರು.

"ಆಲೂಗಡ್ಡೆ ಇನ್ನೊಂದು ಸ್ವಲ್ಪ ಹಾಕು. ಇಷ್ಟು ರುಚಿಯಾಗಿ ನೀನು ಯಾವತ್ತೂ ಮಾಡಿರ್ಲಿಲ್ಲ ಬಿಡು."

"ಹೌದು, ನಿಮಗೆ ಯಾವತ್ತೂ ಮಾಡಿರ್ಲಿಲ್ಲ."

"ಯಾಕೆ, ಗಂಟಲು ಕಟ್ಟಿದ ಹಾಗಿದೆ? ಕೆಳಗಿಂದ ಸಿರಪ್ ತರಿಸ್ಕೋ. ಅಲ್ಲಾ, ನಮ್ಮನೆಗೆ ಈ ಬೆಕ್ಕು ಯಾವಾಗ ಬಂತು?"

"ಹದಿಮೂರು ವರ್ಷ ಆಯ್ತು."

ಸಾಹುಕಾರರು ತಲೆಯೆತ್ತಿದರು. ಕೈಯಲ್ಲಿದ್ದ ತುತ್ತು ಐದನೆಯ ಅಂಗಡಿಯ ಮೇಲೆ ಬಿತ್ತು.

"ಟೀಚರಮ್ಮ! ನೀವು ಇಲ್ಲಿ ಹೇಗೆ?"

"ನಾನು ಇಲ್ಲೇ ಇರೋದು, ಸಾಹುಕಾರ್ರೇ. ಬಾಳೆಹಣ್ಣು ತಿಂದು ಹೋಗಿ."

ಹಣ್ಣು ತಿನ್ನುವವರಾರು! ನಕ್ಷೆ ಬಾಚಿಕೊಂಡು, ಚಪ್ಪಲಿ ಎಡಬಲ ಮಾಡಿಕೊಂಡು, ಬಿದ್ದೆನೋ ಸತ್ತೆನೋ ಎಂದು ಎರಡು ಬೀದಿ ಓಡಿ ಮನೆ ಮುಟ್ಟಿದಾಗ ಒಂದೂ ಇಪ್ಪತ್ತೆಂಟು. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಟ್ರಂಕಿನ ಮೇಲೆಯೇ ಕೂತಿದ್ದಳು. ಎದ್ದು ತಟ್ಟೆ ಹಾಕಿದಳು. ಬಾಯಿ ಬಿಟ್ಟರೆ ಕೆಟ್ಟೆ ಎಂದುಕೊಂಡು ಸಾಹುಕಾರರು ಎರಡನೆಯ ಊಟಕ್ಕೆ ಕೈ ಹಾಕಿದರು. ಒಂದೊಂದು ತುತ್ತೂ ಗಂಟಲಲ್ಲಿ ನಿಂತು ಜಾಗ ಕೇಳತೊಡಗಿತು.

"ಆಲೂಗಡ್ಡೆ ಹಾಕ್ಲಾ? ಅಲ್ಲಿ ಎರಡು ಸಲ ಹಾಕಿಸ್ಕೊಂಡ್ರಂತೆ."

ಸಾಹುಕಾರರಿಗೆ ನೆತ್ತಿ ಹತ್ತಿತು.

"ಟೀಚರಮ್ಮ ನಿಮ್ಮ ಅಂಗಡಿ ಫೋನಿಂದಲೇ ಮಾತಾಡಿದ್ರು. ಪಾಪ, ಅವರ ಊಟಾನೂ ನೀವೇ ಮುಗಿಸಿದ್ರಂತೆ."

"ನಿನ್ನಾಣೆಗೂ ಬೇಕಂತ ಮಾಡಿದ್ದಲ್ಲ ಕಣೇ! ಬೋರ್ಡು ಒಂದೇ ಥರ, ಮೆಟ್ಟಿಲು ಒಂದೇ ಥರ..."

"ಹೆಂಡ್ತೀನೂ ಒಂದೇ ಥರ ಇದ್ಲಾ?"

"ನಾನು ಮುಖ ನೋಡ್ಲೇ ಇಲ್ಲ, ಮಾರಾಯ್ತಿ!"

"ಇಲ್ಲಿಗೆ ಬಂದಿದ್ರೆ ನೋಡ್ತಿದ್ರಾ?"

ಸಾಹುಕಾರರು ತಟ್ಟೆಯಿಂದ ತಲೆಯೆತ್ತಿದರು. ಹೆಂಡತಿಯ ಕಣ್ಣು ತುಂಬಿದ್ದನ್ನು ಅವರು ನೋಡಿದರು. ಬಹಳ ದಿನಗಳ ಮೇಲೆ ಅವಳ ಮುಖವನ್ನೂ ನೋಡಿದರು.

"ತಪ್ಪಾಯ್ತು. ಐದನೇ ಅಂಗಡಿ ಬೇಡ ಬಿಡು," ಎಂದು ಆಲೂಗಡ್ಡೆ ಮೆತ್ತಿದ ನಕ್ಷೆಯನ್ನು ಮಡಚಿದರು.

"ಬೇಡ ಅಂತ ಯಾರು ಹೇಳಿದ್ರು? ಐದಲ್ಲ, ಹದಿನೈದು ಮಾಡ್ಕೊಳ್ಳಿ. ನಾಳೆ ಐದನೇ ಅಂಗಡಿಗೆ ಬೋರ್ಡ್ ಬರೆಯೋನು ಬರ್ತಾನಲ್ಲ, ಅವನನ್ನ ಮೊದ್ಲು ಮೇಲಕ್ಕೆ ಕಳಿಸಿ. ಅಲ್ಲೀತನಕ ಈ ಟ್ರಂಕು ಇಲ್ಲೇ ಇರುತ್ತೆ."

ಮೂರನೆಯ ದಿನ ಹನ್ನೆರಡೂವರೆಗೇ ಸಾಹುಕಾರರು ಮನೆಗೆ ಬಂದರು. ಈ ಸಲ ಇದು ಒಂದನೆಯ ಅಂಗಡಿಯೇ ಹೌದೆಂದು ಕಂಪೌಂಡರನ್ನು ಎರಡೆರಡು ಸಲ ಕೇಳಿ ಮೆಟ್ಟಿಲು ಹತ್ತಿದರು. ಹೆಂಡತಿ ಅದೇ ಟ್ರಂಕಿನ ಮೇಲೆ ನಿಂತು ಅಡುಗೆಮನೆಯ ಬಾಗಿಲಿನ ಮೇಲೆ ಮೊಳೆ ಹೊಡೆಯುತ್ತಿದ್ದಳು. ಮೊಳೆಗೆ ಹೊಸ ಹಸಿರು ಬೋರ್ಡು ನೇತುಹಾಕಿ, ಸೊಟ್ಟಗಿದೆಯೇ ಎಂದು ತಿರುಗಿ ಗಂಡನನ್ನೇ ಕೇಳಿದಳು. ಸಾಹುಕಾರರು ಕನ್ನಡಕ ಏರಿಸಿಕೊಂಡು ಓದಿದರು:

"ನಮಗೆ ಬೇರೆಲ್ಲೂ ಶಾಖೆಗಳಿಲ್ಲ."